ಬೋರ್ಡು ನೋಡಿ ಸೀಟು ಹಿಡಿಯುವ ಮುನ್ನ

ಗೇಟ್ ಪರೀಕ್ಷೆಯಲ್ಲಿ 30 ಪ್ರಶ್ನೆಪತ್ರಿಕೆಗಳಿವೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್‌ನಿಂದ ಹಿಡಿದು ಗಣಿಗಾರಿಕೆ, ಜವಳಿ, ಹಡಗು ನಿರ್ಮಾಣದ ತನಕ ಒಂದೊಂದಕ್ಕೂ ಒಂದೊಂದು. ನ್ಯಾನೊ ತಂತ್ರಜ್ಞಾನಕ್ಕೆ ಮಾತ್ರ ಪತ್ರಿಕೆಯೇ ಇಲ್ಲ. ನ್ಯಾನೊದಲ್ಲಿ ಮುಂದೆ ಓದಬೇಕೆಂದು ಆಸೆಪಟ್ಟ ಬಿ.ಇ. ವಿದ್ಯಾರ್ಥಿ ಮೊದಲು ತಬ್ಬಿಬ್ಬಾಗುವುದು ಇಲ್ಲಿಯೇ. ಯಾವುದನ್ನು ಬರೆಯಬೇಕು? ಎಲೆಕ್ಟ್ರಾನಿಕ್ಸ್ ಬರೆದವರನ್ನೂ ತೆಗೆದುಕೊಳ್ಳುತ್ತಾರೆ, ಕೆಮಿಕಲ್ ಬರೆದವರನ್ನೂ ತೆಗೆದುಕೊಳ್ಳುತ್ತಾರೆ. ಮೆಟಲರ್ಜಿ, ಫಿಸಿಕ್ಸ್, ಎಂಜಿನಿಯರಿಂಗ್ ಸೈನ್ಸಸ್ ಎಂದು ಸಂಸ್ಥೆಗೊಂದು ಪಟ್ಟಿ.

ಈ ಗೊಂದಲವನ್ನು ಹಾಗೇ ದಾಟಿ ಮುಂದೆ ಹೋಗಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಸಿವಿಲ್, ಮೆಕ್ಯಾನಿಕಲ್ ಇದ್ದ ಹಾಗೆ ನ್ಯಾನೊ ಒಂದು ಶಾಖೆಯಾಗಿ ಬೆಳೆದು ಬಂದದ್ದಲ್ಲ. ಅದು ಒಂದು ಅಳತೆ. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರ್. ವಸ್ತುವೊಂದು ನೂರು ನ್ಯಾನೊಮೀಟರಿಗಿಂತ ಸಣ್ಣದಾದಾಗ ಏನಾಗುತ್ತದೆ ಎಂದು ಭೌತವಿಜ್ಞಾನಿ, ರಸಾಯನವಿಜ್ಞಾನಿ, ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಔಷಧ ತಯಾರಿಸುವವರು ಎಲ್ಲರೂ ತಮ್ಮ ತಮ್ಮ ಬಾಗಿಲಿನಿಂದ ಒಳಗೆ ಬಂದು ನೋಡುತ್ತಾರೆ. ನೀವು ಯಾವ ಬಾಗಿಲಿನಿಂದ ಬರುತ್ತೀರಿ ಎಂಬುದು ತೀರ್ಮಾನವಾಗದೆ ಕೋರ್ಸು ಆರಿಸಲು ಹೊರಟರೆ ಎರಡು ವರ್ಷ ಕಳೆದ ಮೇಲೂ ಅದೇ ಪ್ರಶ್ನೆ ಕಾಡುತ್ತದೆ.

ಸಣ್ಣದಾದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಸೆಂಟಿಮೀಟರ್ ಅಂಚಿನ ಚಿನ್ನದ ಗಟ್ಟಿಗೆ ಆರು ಮುಖ, ಒಟ್ಟು ಮೇಲ್ಮೈ ಆರು ಚದರ ಸೆಂಟಿಮೀಟರ್. ಅದೇ ಗಟ್ಟಿಯನ್ನು ಒಂದು ನ್ಯಾನೊಮೀಟರ್ ಅಂಚಿನ ಪುಟ್ಟ ಪುಟ್ಟ ಘನಗಳಾಗಿ ಕತ್ತರಿಸಿದೆವು ಎಂದುಕೊಳ್ಳಿ. ಚಿನ್ನದ ತೂಕ ಅಷ್ಟೇ. ಆದರೆ ಎಲ್ಲ ಚೂರುಗಳ ಮೇಲ್ಮೈ ಕೂಡಿಸಿದರೆ 6,000 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಒಂದೂವರೆ ಎಕರೆ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲೇ ಆದ್ದರಿಂದ, ಗಟ್ಟಿಯಾಗಿದ್ದಾಗ ಯಾವುದರ ಜೊತೆಗೂ ಸುಲಭಕ್ಕೆ ಸೇರದ ಚಿನ್ನ ಈ ಅಳತೆಯಲ್ಲಿ ಒಳ್ಳೆಯ ವೇಗವರ್ಧಕವಾಗುತ್ತದೆ. ನೀರಿನಲ್ಲಿ ಹರಡಿದ ಚಿನ್ನದ ನ್ಯಾನೊಕಣಗಳು ಕೆಂಪಗೆ ಕಾಣುತ್ತವೆ. 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹ ಅದಕ್ಕಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತದೆ. ವೇಗವರ್ಧಕದ ಮಾತು ಕೇಳಿ ಕಿವಿ ನಿಮಿರಿದರೆ ನಿಮ್ಮ ಬಾಗಿಲು ಕೆಮಿಕಲ್ ಎಂಜಿನಿಯರಿಂಗ್. ಬಣ್ಣ ಏಕೆ ಬದಲಾಯಿತು ಎಂದು ಕೇಳಬೇಕೆನಿಸಿದರೆ ಭೌತವಿಜ್ಞಾನ, ದ್ಯುತಿವಿಜ್ಞಾನ. ಆ ಕೆಂಪು ಬಣ್ಣ ಇಟ್ಟುಕೊಂಡು ಕಾಯಿಲೆ ಪತ್ತೆಹಚ್ಚಬಹುದಲ್ಲವೇ ಎಂದು ಹೊಳೆದರೆ ಜೈವಿಕ ತಂತ್ರಜ್ಞಾನ ಮತ್ತು ಸಂವೇದಕಗಳು. ನಿಮ್ಮ ಮನಸ್ಸು ಎಲ್ಲಿ ಒಂದು ಗಳಿಗೆ ಹೆಚ್ಚು ನಿಂತಿತು ಎಂಬುದನ್ನು ಗಮನಿಸಿಕೊಳ್ಳಿ, ಮುಂದಿನ ಆಯ್ಕೆಗೆ ಅದು ಬೇಕಾಗುತ್ತದೆ.

“ಸರ್, ನ್ಯಾನೊಗೆ ಸ್ಕೋಪ್ ಇದೆಯಾ?” ಎಂಬುದು ನನಗೆ ಹೆಚ್ಚು ಸಲ ಎದುರಾಗುವ ಪ್ರಶ್ನೆ. ಕೇಳುವ ಹುಡುಗ ಹುಡುಗಿಯರ ಹಿಂದೆ ಸಾಲ ಮಾಡಿ ಓದಿಸುತ್ತಿರುವ ಅಪ್ಪ-ಅಮ್ಮ ಇರುತ್ತಾರೆ. ಹಾಗಾಗಿ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ನನ್ನ ಉತ್ತರ ಇಷ್ಟು: ಕ್ಷೇತ್ರಕ್ಕೆ ಭವಿಷ್ಯವಿದೆ, ಆದರೆ ನ್ಯಾನೊ ಎಂದು ಬರೆದ ಪ್ರತಿಯೊಂದು ಪದವಿಗೂ ಆ ಭವಿಷ್ಯ ತಾನಾಗಿ ಬರುವುದಿಲ್ಲ.

ನಮ್ಮ ದೇಶದಲ್ಲೇ ಈ ಕ್ಷೇತ್ರವನ್ನು ಕಟ್ಟಿದವರು ಏನು ಓದಿದ್ದರು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಶುರುವಾದ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ, ಎಲ್ಲರ ಬಾಯಲ್ಲಿ ‘ಸೆನ್ಸ್’, ಅದರ ಮೊದಲ ಮುಖ್ಯಸ್ಥರಾಗಿದ್ದ ರುದ್ರಪ್ರತಾಪ್ ಮೂಲದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಅಲ್ಲಿಯೇ ಪ್ರಾಧ್ಯಾಪಕರಾಗಿರುವ ನವಕಾಂತ ಭಟ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಇ. ಮುಗಿಸಿ, ಬಾಂಬೆ ಐಐಟಿಯಲ್ಲಿ ಮೈಕ್ರೊ ಎಲೆಕ್ಟ್ರಾನಿಕ್ಸ್ ಎಂ.ಟೆಕ್ ಮಾಡಿ, ಸ್ಟ್ಯಾನ್‌ಫರ್ಡ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪಿಎಚ್‌.ಡಿ. ಪಡೆದವರು. ಅನಿಲ ಸಂವೇದಕಗಳ ಮೇಲಿನ ಕೆಲಸಕ್ಕೆ 2018ರ ಇನ್ಫೊಸಿಸ್ ಪ್ರಶಸ್ತಿ ಅವರಿಗೆ ಬಂತು. ಮಧುಮೇಹಿಗಳ ರಕ್ತ ಮತ್ತು ಮೂತ್ರವನ್ನು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಸಾಧನದಲ್ಲಿ ಪರೀಕ್ಷಿಸುವ ಪಾತ್‌ಶೋಧ್ ಕಂಪನಿ ಹುಟ್ಟಿದ್ದೂ ಅವರ ಪ್ರಯೋಗಾಲಯದ ಕೆಲಸದಿಂದ. ಕುಡಿಯುವ ನೀರಿನಿಂದ ಕೀಟನಾಶಕ, ಆರ್ಸೆನಿಕ್ ತೆಗೆಯಲು ನ್ಯಾನೊ ವಸ್ತುಗಳನ್ನು ಬಳಕೆಗೆ ತಂದ ಮದ್ರಾಸ್ ಐಐಟಿಯ ಟಿ. ಪ್ರದೀಪ್ ರಸಾಯನವಿಜ್ಞಾನದವರು, ಪಿಎಚ್‌.ಡಿ. ಮಾಡಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಇವರಲ್ಲಿ ಒಬ್ಬರ ಪದವಿಯಲ್ಲೂ ನ್ಯಾನೊ ಎಂಬ ಹೆಸರಿಲ್ಲ. ಅವರು ಓದುವ ಕಾಲಕ್ಕೆ ಆ ಹೆಸರಿನ ಕೋರ್ಸುಗಳೇ ಇರಲಿಲ್ಲ, ನಿಜ. ಆದರೂ ಒಂದು ಶಾಖೆಯಲ್ಲಿ ಆಳವಾಗಿ ಬೇರು ಬಿಟ್ಟಿದ್ದರಿಂದಲೇ ಅವರಿಗೆ ಹೊಸ ಅಳತೆಯಲ್ಲಿ ಹೊಸ ಪ್ರಶ್ನೆ ಕೇಳಲು ಸಾಧ್ಯವಾಯಿತು ಎಂದು ನಾನು ನಂಬಿದ್ದೇನೆ.

ನ್ಯಾನೊ ಹೆಸರಿನ ಕೋರ್ಸುಗಳು ದೇಶದ ತುಂಬ ಹಬ್ಬಿದ್ದಕ್ಕೂ ಒಂದು ಇತಿಹಾಸವಿದೆ. 2007ರಲ್ಲಿ ಕೇಂದ್ರ ಸರ್ಕಾರ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಘೋಷಿಸಿತು. ಅದರ ಮಂಡಳಿಯ ನೇತೃತ್ವ ನಮ್ಮ ಸಿ.ಎನ್.ಆರ್. ರಾವ್ ಅವರದು. ಅದೇ ವರ್ಷ ಕರ್ನಾಟಕ ಸರ್ಕಾರ ಬೆಂಗಳೂರು ನ್ಯಾನೊ ಸಮಾವೇಶ ಶುರುಮಾಡಿತು. ಮಿಷನ್ನಿನ ಹಣದಿಂದ ಪ್ರಯೋಗಾಲಯಗಳು ಎದ್ದವು, ಸ್ನಾತಕೋತ್ತರ ಕೋರ್ಸುಗಳಿಗೂ ನೆರವು ಸಿಕ್ಕಿತು. ಮೊಹಾಲಿಯಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ಸಂಸ್ಥೆ ಬಂತು. ನಮ್ಮ ವಿಟಿಯು ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯ ಕ್ಯಾಂಪಸ್ಸಿನಲ್ಲಿ ನ್ಯಾನೊ ಎಂ.ಟೆಕ್ ಆರಂಭಿಸಿತು. ದೇಶಕ್ಕೆ ಆ ಹೂಡಿಕೆ ಬೇಕಾಗಿತ್ತು, ಅದರಿಂದ ಒಳ್ಳೆಯದೇ ಆಗಿದೆ. ಆದರೆ ಮಿಷನ್ನಿನ ಗಾಳಿ ಬೀಸಿದಾಗ, ಬೋರ್ಡು ಬರೆಸುವುದಕ್ಕೆ ತಿಂಗಳು ಸಾಕು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತಂದು ಅದನ್ನು ನಡೆಸಬಲ್ಲವರನ್ನು ತಯಾರು ಮಾಡುವುದಕ್ಕೆ ವರ್ಷಗಳು ಬೇಕು. ಈ ಎರಡರ ನಡುವಿನ ಅಂತರದಲ್ಲಿ ಸಿಕ್ಕಿಹಾಕಿಕೊಂಡವರು ವಿದ್ಯಾರ್ಥಿಗಳು.

ಈ ವಿದ್ಯೆ ಕೈಗೆ ಹತ್ತುವುದು ಯಂತ್ರದ ಮುಂದೆ. ನ್ಯಾನೊ ಸಾಧನ ತಯಾರಾಗುವ ಕ್ಲೀನ್‌ರೂಮಿನ ಒಳಗೆ ಒಂದು ಸಾಮಾನ್ಯ ದಿನ ಹೇಗಿರುತ್ತದೆ ಎಂದು ಹೇಳಿದರೆ ಇದು ಅರ್ಥವಾದೀತು. ಸೆನ್ಸ್ ಕೇಂದ್ರದ ಕ್ಲೀನ್‌ರೂಮು ಸುಮಾರು 14,000 ಚದರ ಅಡಿಯಷ್ಟಿದೆ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ, ಮುಸುಕು, ಎರಡು ಜೊತೆ ಕೈಗವಸು ಹಾಕಿಕೊಳ್ಳಬೇಕು. ಇಲ್ಲಿ ಧೂಳಿನಿಂದ ಕಾಪಾಡಬೇಕಾದದ್ದು ಮನುಷ್ಯರನ್ನಲ್ಲ, ಸಿಲಿಕಾನನ್ನು. ವಿನ್ಯಾಸ ಮೂಡಿಸುವ ಕೋಣೆಯಲ್ಲಿ ಹಳದಿ ದೀಪ ಮಾತ್ರ, ಏಕೆಂದರೆ ಬಿಲ್ಲೆಯ ಮೇಲೆ ಬಳಿಯುವ ಫೋಟೊರೆಸಿಸ್ಟ್ ಎಂಬ ದ್ರವ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಕೆಟ್ಟುಹೋಗುತ್ತದೆ. ಸಿಲಿಕಾನ್ ಬಿಲ್ಲೆಯನ್ನು ತಿರುಗುಮಣೆಯ ಮೇಲಿಟ್ಟು, ನಡುವಿಗೆ ಆ ದ್ರವದ ಕೆಲವು ಹನಿ ಬಿಟ್ಟು, ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಒಂದು ಮೈಕ್ರಾನಿನ ಆಸುಪಾಸು ದಪ್ಪದ ಪದರ ಹರಡಿಕೊಳ್ಳುತ್ತದೆ. ಅದನ್ನು ಬಿಸಿಫಲಕದ ಮೇಲೆ ಒಂದೆರಡು ನಿಮಿಷ ಕಾಯಿಸಿ, ವಿನ್ಯಾಸವಿರುವ ಗಾಜಿನ ಮಾಸ್ಕ್ ಇಟ್ಟು ಅತಿನೇರಳೆ ಬೆಳಕು ಹಾಯಿಸಿ, ಡೆವಲಪರಿನಲ್ಲಿ ತೊಳೆದು ಸೂಕ್ಷ್ಮದರ್ಶಕದ ಕೆಳಗಿಡಬೇಕು.

ಮೊದಲ ಸಲ ನೋಡಿದವರಿಗೆ ಸಾಮಾನ್ಯವಾಗಿ ಕಾಣುವುದು ಬೇಕಾದ ಗೆರೆಗಳಲ್ಲ, ಮೂಲೆಯಿಂದ ಎದ್ದು ಮಡಚಿಕೊಂಡ ಪದರ. ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಉಳಿದಿತ್ತು ಎಂಬುದು ಕಾರಣ. ಮತ್ತೆ ತೊಳೆದು, ಒಣಗಿಸಿ, ಅಂಟುವ ಹಾಗೆ ಒಂದು ರಾಸಾಯನಿಕದ ಆವಿ ಕೊಟ್ಟು ಎರಡನೆಯ ಬಾರಿ ಬಳಿಯಬೇಕು. ತೇವದಿಂದ ಪದರ ಏಳುತ್ತದೆ ಎಂಬ ಸಾಲು ಪಠ್ಯಪುಸ್ತಕದಲ್ಲೂ ಇದೆ. ಪರೀಕ್ಷೆಗೆ ಅದನ್ನು ಬರೆದವರೂ ಯಂತ್ರದ ಮುಂದೆ ಅದೇ ತಪ್ಪು ಮಾಡುತ್ತಾರೆ. ಮೂರನೆಯ ಬಾರಿಗೆ ಗೆರೆಗಳು ನೆಟ್ಟಗೆ ಮೂಡಿದಾಗ ಆ ವಿದ್ಯಾರ್ಥಿಗೆ ಬಂದಿರುವ ತಿಳಿವಳಿಕೆ ಇದೆಯಲ್ಲ, ಚಿಪ್ ಕಾರ್ಖಾನೆಯವರು ಸಂದರ್ಶನದಲ್ಲಿ ಹುಡುಕುವುದು ಅದನ್ನೇ.

ಆದ್ದರಿಂದ ನೀವು ಸೇರಲಿರುವ ಜಾಗದಲ್ಲಿ ಎಂ.ಟೆಕ್ ವಿದ್ಯಾರ್ಥಿಯ ಕೈಗೆ ಯಂತ್ರ ಎಷ್ಟು ಗಂಟೆ ಸಿಗುತ್ತದೆ ಎಂಬುದು ಮೊದಲ ಪ್ರಶ್ನೆಯಾಗಬೇಕು. ಕಾಲೇಜಿನ ಬ್ರೋಷರಿನಲ್ಲಿ ಇದು ಸಿಗುವುದಿಲ್ಲ. ಪ್ರಯೋಗಾಲಯದ ಮುಂದೆ ನಗುತ್ತಾ ನಿಂತ ವಿದ್ಯಾರ್ಥಿಗಳ ಚಿತ್ರದಿಂದಲೂ ತಿಳಿಯುವುದಿಲ್ಲ. ತಿಳಿಯುವ ದಾರಿ ಬೇರೆ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳೆಲ್ಲ ಸೇರುವ ‘ಶೋಧಗಂಗಾ’ ಎಂಬ ಸಂಗ್ರಹ ಇದೆ, ಯಾರು ಬೇಕಾದರೂ ತೆಗೆದು ಓದಬಹುದು. ನಿಮ್ಮ ಪಟ್ಟಿಯಲ್ಲಿರುವ ಸಂಸ್ಥೆಯ ನ್ಯಾನೊ ಪ್ರಬಂಧಗಳಲ್ಲಿ ಇತ್ತೀಚಿನ ಮೂರು ನಾಲ್ಕನ್ನು ತೆರೆಯಿರಿ. ಪೀಠಿಕೆ ಬಿಟ್ಟು ನೇರ ಪ್ರಯೋಗವಿಧಾನದ ಅಧ್ಯಾಯಕ್ಕೆ ಹೋಗಿ. ಕಣಗಳ ಚಿತ್ರ ಎಲ್ಲಿ ತೆಗೆದದ್ದು? ಎಕ್ಸ್‌ರೇ ವಿವರ್ತನೆ ಎಲ್ಲಿ ನೋಡಿದ್ದು? ಆಮೇಲೆ ಕೃತಜ್ಞತೆಯ ಪುಟ ಓದಿ. ಅಲ್ಲಿ ಬೇರೆ ಬೇರೆ ಊರಿನ ಪ್ರಯೋಗಾಲಯಗಳ ಹೆಸರೇ ತುಂಬಿದ್ದರೆ, ಆ ಸಂಸ್ಥೆಯಲ್ಲಿ ಮಾದರಿಯನ್ನು ಪುಟ್ಟ ಶೀಶೆಯಲ್ಲಿ ಹಾಕಿ ಕೊರಿಯರ್ ಮಾಡುತ್ತಾರೆ, ವಾರಗಟ್ಟಲೆ ಕಾದ ಮೇಲೆ ಇ-ಮೇಲಿನಲ್ಲಿ ಚಿತ್ರ ಬರುತ್ತದೆ ಎಂದು ತಿಳಿಯಿರಿ. ಆ ಚಿತ್ರ ಏಕೆ ಮಸುಕಾಗಿದೆ, ಮಾದರಿಯದೇ ದೋಷವೋ ತೆಗೆದವರ ಆತುರವೋ ಎಂದು ವಿದ್ಯಾರ್ಥಿಗೆ ಗೊತ್ತಾಗುವುದೇ ಇಲ್ಲ.

ಹೊರಗೆ ಕಳಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ಎಲ್ಲ ಕಾಲೇಜುಗಳೂ ಕೊಳ್ಳಲಾಗುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವಂಥ ಹಂಚಿಕೆಯ ಉಪಕರಣ ಕೇಂದ್ರಗಳು ಇರುವುದೇ ಅದಕ್ಕಾಗಿ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ವಿಜ್ಞಾನ ಸಮಾವೇಶದಲ್ಲಿ ಪ್ರಧಾನಿ ಉದ್ಘಾಟಿಸಿದ ‘ಐ-ಸ್ಟೆಮ್’ ಎಂಬ ರಾಷ್ಟ್ರೀಯ ಜಾಲತಾಣದಲ್ಲಿ ಯಾವ ಸಂಸ್ಥೆಯಲ್ಲಿ ಯಾವ ಉಪಕರಣವಿದೆ ಎಂಬುದು ಸಿಗುತ್ತದೆ. ನಿಮ್ಮ ಸಂಸ್ಥೆಯಲ್ಲಿ ಇಲ್ಲದ್ದು ಅರ್ಧ ದಿನದ ಪ್ರಯಾಣದಲ್ಲಿ ಸಿಗುತ್ತದೆಯೇ, ಗೈಡ್ ಅದಕ್ಕೆ ಹಣ ಕೊಡುತ್ತಾರೆಯೇ, ವಿದ್ಯಾರ್ಥಿ ಹೋಗಿ ಪಕ್ಕದಲ್ಲಿ ಕೂರಲು ಬಿಡುತ್ತಾರೆಯೇ ಎಂದು ಕೇಳಿಕೊಂಡರೆ ಆಯಿತು.

ಸಂಸ್ಥೆಗೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಹೋದಾಗ ಆಸಿಡ್ ಬಳಸುವ ಮೇಜಿನ ಹತ್ತಿರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇದೆಯೇ ನೋಡಿ. ಸಿಲಿಕಾನ್ ಡೈಆಕ್ಸೈಡನ್ನು ಕೊರೆಯಲು ಹೈಡ್ರೊಫ್ಲೋರಿಕ್ ಆಸಿಡ್ ಬೇಕು. ತೆಳು ದ್ರಾವಣ ಚರ್ಮಕ್ಕೆ ಬಿದ್ದರೆ ಆ ಕ್ಷಣಕ್ಕೆ ಉರಿಯೂ ಗೊತ್ತಾಗದೆ ಇರಬಹುದು, ಆದರೆ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ, ಜೀವಕ್ಕೇ ಅಪಾಯ. ಆ ಜೆಲ್ ಅದಕ್ಕೆ ಮೊದಲ ಚಿಕಿತ್ಸೆ. ಅವಧಿ ಮುಗಿಯದ ಒಂದು ಟ್ಯೂಬು ಕೈಗೆಟಕುವ ಜಾಗದಲ್ಲಿದ್ದರೆ, ಯಾರನ್ನು ಕೇಳಿದರೂ ಅದರ ಬಳಕೆ ಹೇಳಿದರೆ, ಅಲ್ಲಿ ವಿದ್ಯಾರ್ಥಿಗಳನ್ನು ಜವಾಬ್ದಾರಿಯಿಂದ ನೋಡಿಕೊಳ್ಳುತ್ತಾರೆ ಎಂದು ನಂಬಬಹುದು. ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರು ಹಾಸ್ಟೆಲ್ ಊಟದಷ್ಟೇ ಕಾಳಜಿಯಿಂದ ಇದನ್ನೂ ವಿಚಾರಿಸಬೇಕು.

ಇನ್ನು ಎಂ.ಟೆಕ್ ಮಾಡುವುದೋ ನೇರ ಪಿಎಚ್‌.ಡಿ.ಗೆ ಹೋಗುವುದೋ ಎಂಬ ವಿಚಾರ. ಬಿ.ಇ. ಮುಗಿಸಿದವರು ಗೇಟ್ ಅಂಕ ಮತ್ತು ಸಂದರ್ಶನದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ನೇರ ಪಿಎಚ್‌.ಡಿ.ಗೆ ಸೇರಬಹುದು ಎಂಬುದು ನಮ್ಮ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಹಣದ ಲೆಕ್ಕವನ್ನೂ ಬಿಚ್ಚಿ ಹೇಳುವುದು ಒಳ್ಳೆಯದು. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ. ಪಿಎಚ್‌.ಡಿ. ಮಾಡುವವರಿಗೆ ಸಿಗುವ ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ 37,000, ಎರಡು ವರ್ಷದ ಮೇಲೆ 42,000. ಮನೆಬಾಡಿಗೆ ಭತ್ಯೆ ಬೇರೆ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ ಎಂ.ಟೆಕ್ ಸೇರಿದರೆ ಶುಲ್ಕವನ್ನು ನಾವೇ ಕಟ್ಟಬೇಕು, ವೇತನದ ಭರವಸೆಯಿಲ್ಲ. ಗೇಟ್ ಅಂಕಕ್ಕೆ ಮೂರು ವರ್ಷ ಮಾನ್ಯತೆ ಇದೆ. ಆದ್ದರಿಂದ ಮೊದಲ ಸಲ ಬೇಕಾದ ಜಾಗ ಸಿಗದಿದ್ದರೆ ಸಿಕ್ಕ ನ್ಯಾನೊ ಸೀಟಿಗೆ ದುಡ್ಡು ಸುರಿಯುವುದಕ್ಕಿಂತ, ಒಂದು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಒಳ್ಳೆಯ ಪ್ರಯೋಗಾಲಯದಲ್ಲಿ ದುಡಿಯುವುದು ಎಷ್ಟೋ ಲೇಸು. ಇಂಥ ಕೆಲಸಗಳ ಪ್ರಕಟಣೆ ಬೆಂಗಳೂರಿನ ಸಂಸ್ಥೆಗಳಲ್ಲಿ ವರ್ಷವಿಡೀ ಬರುತ್ತಿರುತ್ತದೆ.

ಪಿಎಚ್‌.ಡಿ. ಐದಾರು ವರ್ಷದ ಮಾತು. ಒಂದೇ ಪ್ರಶ್ನೆಯ ಹಿಂದೆ ಅಷ್ಟು ಕಾಲ ಬೀಳುವ ತಾಳ್ಮೆ ಎಲ್ಲರಿಗೂ ಇರಬೇಕೆಂದಿಲ್ಲ, ಇಲ್ಲದಿರುವುದು ಅವಮಾನವೂ ಅಲ್ಲ. ಎರಡು ವರ್ಷ ಓದಿ ಕಂಪನಿ ಸೇರುವ ಇರಾದೆ ಇದ್ದವರಿಗೆ ನನ್ನ ಸಲಹೆ ಸ್ಪಷ್ಟ: ಪದವಿಯ ಹೆಸರು ಮೈಕ್ರೊ ಎಲೆಕ್ಟ್ರಾನಿಕ್ಸ್, ಮೆಟೀರಿಯಲ್ಸ್, ಕೆಮಿಕಲ್ ಅಥವಾ ಮೆಕ್ಯಾನಿಕಲ್ ಎಂದಿರಲಿ, ಪ್ರಬಂಧದ ವಿಷಯ ನ್ಯಾನೊ ಇರಲಿ. ಇದಕ್ಕೆ ನೌಕರಿಯ ಕಾರಣವೊಂದಿದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಮತ್ತು ಎಂ.ಟೆಕ್ ಎರಡೂ ಸಂಬಂಧಪಟ್ಟ ಶಾಖೆಯಲ್ಲಿ ಇರಬೇಕೆನ್ನುತ್ತದೆ ಎಐಸಿಟಿಇ ನಿಯಮ. ಎಲೆಕ್ಟ್ರಾನಿಕ್ಸ್ ವಿಭಾಗದ ಹುದ್ದೆಗೆ ನ್ಯಾನೊ ಎಂ.ಟೆಕ್ ಸಂಬಂಧಪಟ್ಟದ್ದೇ ಅಲ್ಲವೇ ಎಂಬ ವಾದ ಅರ್ಜಿ ಹಾಕಿದವರ ತಲೆಯ ಮೇಲೇ ಬರುತ್ತದೆ. ಸರ್ಕಾರಿ ಉದ್ಯಮಗಳ ನೇಮಕಾತಿ ಪ್ರಕಟಣೆಯಲ್ಲೂ ಹಳೆಯ ಶಾಖೆಗಳ ಹೆಸರೇ ಇರುವುದು. ಹಾಗೆಂದು ನ್ಯಾನೊ ಹೆಸರಿನ ಎಲ್ಲ ಎಂ.ಟೆಕ್‌ಗಳನ್ನೂ ತಳ್ಳಿಹಾಕಬೇಕಿಲ್ಲ. ರೂರ್ಕಿ ಐಐಟಿಯಂಥ ಕಡೆ ಹಿಂದೆ ದೊಡ್ಡ ವಿಭಾಗಗಳ, ಉಪಕರಣಗಳ ಬಲವಿರುತ್ತದೆ. ಅಂಥ ಬಲವಿಲ್ಲದ ಕಡೆ ಹೆಸರೊಂದನ್ನೇ ನೆಚ್ಚಬೇಡಿ.

ಬೆಂಗಳೂರಿನ ಸುತ್ತಮುತ್ತ ಇರುವ ಅವಕಾಶ ದೇಶದ ಬೇರೆ ಕಡೆ ಕಡಿಮೆ. ಸೆನ್ಸ್ ಅಲ್ಲದೆ, ಸಿ.ಎನ್.ಆರ್. ರಾವ್ 1989ರಲ್ಲಿ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರವಿದೆ, ಅಲ್ಲಿ ವಸ್ತುವಿಜ್ಞಾನದ ಕೈ ಮೇಲು. ದ್ರವ ಹರಳುಗಳ ಸಂಶೋಧನೆಯಲ್ಲಿ ಜಗತ್ತಿನಲ್ಲೇ ಹೆಸರಾದ ಎಸ್. ಚಂದ್ರಶೇಖರ್ ಸ್ಥಾಪಿಸಿದ ಕೇಂದ್ರ ಈಗ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರವಾಗಿ ಬೆಳೆದಿದೆ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಜಕ್ಕೂರಿಗೆ, ಕೆಮಿಕಲ್ ವಿದ್ಯಾರ್ಥಿ ಚಿಪ್ ತಯಾರಿಕೆಯ ಗುಂಪಿಗೆ ಕಣ್ಣುಮುಚ್ಚಿ ಅರ್ಜಿ ಹಾಕುವುದಕ್ಕಿಂತ, ಯಾವ ಅಧ್ಯಾಪಕರು ಯಾವ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ ಎಂದು ಅವರ ಇತ್ತೀಚಿನ ಪ್ರಬಂಧಗಳನ್ನು ನೋಡಿ ಹಾಕಬೇಕು.

ವಿದೇಶದ ಕನಸು ಕಾಣುವವರಿಗೆ ಆಲ್ಬನಿಯ ಕತೆ ಹೇಳಬೇಕು. ನ್ಯೂಯಾರ್ಕ್ ರಾಜ್ಯದ ಆಲ್ಬನಿ ವಿಶ್ವವಿದ್ಯಾಲಯ 2004ರಲ್ಲಿ ನ್ಯಾನೊಗೆಂದೇ ಒಂದು ಕಾಲೇಜು ತೆರೆಯಿತು. 2014ರಲ್ಲಿ ಅದನ್ನು ವಿಶ್ವವಿದ್ಯಾಲಯದಿಂದ ಬೇರ್ಪಡಿಸಿ, ಇನ್ನೊಂದು ಸಂಸ್ಥೆಯೊಡನೆ ಸೇರಿಸಿ ಸುನಿ ಪಾಲಿಟೆಕ್ನಿಕ್ ಮಾಡಿದರು. 2023ರಲ್ಲಿ ಮತ್ತೆ ಆಲ್ಬನಿ ವಿಶ್ವವಿದ್ಯಾಲಯಕ್ಕೇ ವಾಪಸ್ ತಂದರು. ಈ ನಡುವೆ ಅಲ್ಲಿ ಓದಿದವರ ಪದವಿಪತ್ರದ ಮೇಲಿನ ಹೆಸರು ಕಾಲಕ್ಕೊಂದು ಬಗೆ. ಆದರೆ ಅಲ್ಲಿನ ನ್ಯಾನೊಟೆಕ್ ಸಂಕೀರ್ಣದಲ್ಲಿ 300 ಮಿಲಿಮೀಟರ್ ಸಿಲಿಕಾನ್ ಬಿಲ್ಲೆಗಳ ಸಾಲು ನಡೆಯುತ್ತಲೇ ಇತ್ತು, 2021ರಲ್ಲಿ ಐಬಿಎಂ ತನ್ನ ಎರಡು ನ್ಯಾನೊಮೀಟರ್ ಚಿಪ್ ತಂತ್ರಜ್ಞಾನ ಘೋಷಿಸಿದ್ದೂ ಅಲ್ಲಿಂದಲೇ. ಹೆಸರು ಬದಲಾದರೂ ಯಂತ್ರಗಳ ಮುಂದೆ ಪಳಗಿದ ಕೈಗಳಿಗೆ ಬೆಲೆ ಕುಗ್ಗಲಿಲ್ಲ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯಕ್ಕೆ ಸೆಮಿಕಂಡಕ್ಟರ್ ಕ್ಷೇತ್ರದಲ್ಲಿ ಇರುವ ಮರ್ಯಾದೆಗೂ ಇದೇ ಕಾರಣ: 1984ರಲ್ಲಿ ಸ್ಥಾಪನೆಯಾದ ಐಮೆಕ್ ಸಂಶೋಧನಾ ಕೇಂದ್ರ ಅದೇ ಊರಿನಲ್ಲಿದೆ. ಕೆನಡಾದ ವಾಟರ್‌ಲೂನಲ್ಲಿ ವಿದ್ಯಾರ್ಥಿ ತನ್ನ ಮೂಲ ವಿಭಾಗದಲ್ಲೇ ನೋಂದಾಯಿಸಿಕೊಂಡು ಜೊತೆಗೆ ನ್ಯಾನೊ ಪಠ್ಯ ಓದುವ ಸಹಯೋಗದ ವ್ಯವಸ್ಥೆ ಇದೆ. ನಮ್ಮ ವಿಶ್ವವಿದ್ಯಾಲಯಗಳೂ ಇದನ್ನು ಅನುಸರಿಸಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ ಎಂಬುದು ನಿಜ, ಆದರೆ ವೀಸಾಗೆ ಮುನ್ನ ಒಂದು ವರ್ಷದ ಖರ್ಚೆಂದು ಖಾತೆಯಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಲ್ಲಿ 11,904 ಯೂರೊಗೆ ಏರಿತು. ಭಾರತೀಯ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿ, ಪದವಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕು. ಅಮೆರಿಕದಲ್ಲಿ ಪಿಎಚ್‌.ಡಿ.ಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ ವೇತನ ಕೊಡುತ್ತಾರೆ, ಎಂ.ಎಸ್.ಗೆ ಬಹುಪಾಲು ಸ್ವಂತ ದುಡ್ಡು. ಮನೆ ಅಡವಿಟ್ಟು ಬರೀ ತರಗತಿ ಪಾಠದ ನ್ಯಾನೊ ಎಂ.ಎಸ್.ಗೆ ಹೋಗುವುದನ್ನು ನಾನು ಯಾರಿಗೂ ಹೇಳಲಾರೆ. ಪ್ರಬಂಧ ಬರೆಯುವ, ಪ್ರಯೋಗಾಲಯದ ಕೆಲಸ ಕಡ್ಡಾಯವಿರುವ ಎಂ.ಎಸ್. ಆದರೆ ಆ ಮಾತು ಬೇರೆ.

ಈಗ ಎಲ್ಲರ ಬಾಯಲ್ಲೂ ಚಿಪ್ಪಿನ ಮಾತು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಜರಾತಿನ ಧೊಲೇರಾದಲ್ಲಿ ಟಾಟಾ ಕಂಪನಿ ತೈವಾನಿನ ಪಿಎಸ್‌ಎಂಸಿ ಜೊತೆ ಸೇರಿ 91,000 ಕೋಟಿಯ ಕಾರ್ಖಾನೆಗೆ 2024ರಲ್ಲಿ ಅಡಿಗಲ್ಲು ಹಾಕಿತು. ಚಿಪ್ ತಯಾರಿಸುವ ಯಂತ್ರಗಳ ಕಂಪನಿಗಳಾದ ಅಪ್ಲೈಡ್ ಮೆಟೀರಿಯಲ್ಸ್, ಲ್ಯಾಮ್ ರಿಸರ್ಚ್ ಬೆಂಗಳೂರಿನಲ್ಲಿ ಬೇರೂರಿವೆ. ಲ್ಯಾಮ್ ತನ್ನ ತಂತ್ರಾಂಶದ ಮೂಲಕ ಹತ್ತು ವರ್ಷದಲ್ಲಿ 60,000 ಎಂಜಿನಿಯರುಗಳಿಗೆ ತರಬೇತಿ ಕೊಡುವ ಗುರಿಯಿಟ್ಟುಕೊಂಡಿದೆ, ಸೆನ್ಸ್ ಕೇಂದ್ರ ಅದರ ಜೊತೆಗಿದೆ. ನ್ಯಾನೊ ಕಲಿತವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಇಂಥ ಕಾರ್ಖಾನೆಗೆ ಬೇಕಾಗುವುದು ನಿರ್ವಾತ ಪಂಪು, ಪ್ಲಾಸ್ಮಾ, ಅನಿಲದ ಹರಿವು, ತೆಳುಪದರ, ಅಳತೆ ಮತ್ತು ದೋಷಗಳ ಅಂಕಿಅಂಶ ಬಲ್ಲವರು. ಮೆಕ್ಯಾನಿಕಲ್, ಕೆಮಿಕಲ್, ಎಲೆಕ್ಟ್ರಾನಿಕ್ಸ್ ಮೂವರಿಗೂ ಅಲ್ಲಿ ಜಾಗವಿದೆ. ಗ್ರಾಫೀನ್ ಬಗ್ಗೆ ನಾಲ್ಕು ಸೆಮಿನಾರು ಕೊಟ್ಟವರಿಗಿಂತ ಒಂದು ನಿರ್ವಾತ ವ್ಯವಸ್ಥೆಯ ಸೋರಿಕೆ ಹುಡುಕಿ ಮುಚ್ಚಿದವರನ್ನು ಅಲ್ಲಿ ಮೊದಲು ಕರೆಯುತ್ತಾರೆ.

ಮೂರನೆಯ ವರ್ಷದಲ್ಲಿರುವವರಿಗೆ ಕೈಯಲ್ಲಿ ಇನ್ನೂ ಸಮಯವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಇರಬಹುದು. ಜಕ್ಕೂರಿನ ಕೇಂದ್ರವೂ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಸೆನ್ಸ್ ಮತ್ತು ಕೆಲವು ಐಐಟಿಗಳು ನಡೆಸುವ ‘ಐಎನ್‌ಯುಪಿ’ ಕಾರ್ಯಕ್ರಮದಲ್ಲಿ ಹೊರಗಿನ ಕಾಲೇಜಿನವರಿಗೂ ಕ್ಲೀನ್‌ರೂಮಿನ ಪರಿಚಯ, ಕೈಯಾರೆ ತರಬೇತಿ ಸಿಗುತ್ತದೆ. ನಿಮ್ಮ ಅಧ್ಯಾಪಕರೊಬ್ಬರನ್ನು ಜೊತೆಗೆ ಒಪ್ಪಿಸಿಕೊಂಡರೆ ಹಾದಿ ಸುಲಭ. ಈ ಸಂಸ್ಥೆಗಳ ಅಧ್ಯಾಪಕರಿಗೆ ಇ-ಮೇಲ್ ಬರೆಯುವಾಗ “ನನಗೆ ನ್ಯಾನೊದಲ್ಲಿ ತುಂಬಾ ಆಸಕ್ತಿ” ಎಂದಷ್ಟೇ ಬರೆದರೆ ಉತ್ತರ ಬರುವುದು ಕಷ್ಟ, ಅಂಥವು ಅವರಿಗೆ ಬರುತ್ತಲೇ ಇರುತ್ತವೆ. ಅವರ ಒಂದು ಪ್ರಬಂಧ ಓದಿ, ಅದರ ಯಾವುದೋ ಒಂದು ಚಿತ್ರದಲ್ಲಿ ಅರ್ಥವಾಗದ್ದನ್ನು ಎರಡು ಸಾಲಿನಲ್ಲಿ ಕೇಳಿ. ಕಾಲೇಜಿನ ಹೆಸರು ದೊಡ್ಡದಲ್ಲ ಎಂಬ ಹಿಂಜರಿಕೆ ಬೇಡ. ಚಳ್ಳಕೆರೆಯ ವಿದ್ಯಾರ್ಥಿ ಕೇಳಿದರೂ ಬೆಂಗಳೂರಿನ ವಿದ್ಯಾರ್ಥಿ ಕೇಳಿದರೂ ಒಳ್ಳೆಯ ಪ್ರಶ್ನೆಗೆ ಒಂದೇ ತೂಕ.

ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಜನರಿಗೆ ತೆರೆಯುತ್ತದೆ. ಆ ದಿನ ಪಿಎಚ್‌.ಡಿ. ವಿದ್ಯಾರ್ಥಿಗಳೇ ಪೋಸ್ಟರುಗಳ ಮುಂದೆ ನಿಂತು ವಿವರಿಸುತ್ತಾರೆ, ಅವರಲ್ಲಿ ಕನ್ನಡದಲ್ಲಿ ಹೇಳುವವರೂ ಇರುತ್ತಾರೆ. ಸೇರಿದ ಎಷ್ಟು ತಿಂಗಳಿಗೆ ಯಂತ್ರ ಮುಟ್ಟಲು ಬಿಟ್ಟರು, ಗೈಡ್ ವಾರಕ್ಕೆ ಎಷ್ಟು ಸಲ ಸಿಗುತ್ತಾರೆ, ನಿಮಗಿಂತ ಹಿಂದಿನವರು ಈಗ ಎಲ್ಲೆಲ್ಲಿದ್ದಾರೆ ಎಂದು ಅವರನ್ನು ಕೇಳಿ. ನೀವು ಅರ್ಜಿ ಹಾಕುವ ಪ್ರತಿಯೊಂದು ಸಂಸ್ಥೆಯ ಸೀನಿಯರ್‌ಗಳಿಗೂ ಈ ಮೂರೇ ಪ್ರಶ್ನೆ ಸಾಕು.